ಫ್ರಿಜ್ಜಿನಲ್ಲಿಟ್ಟ ಕೀಗೊಂಚಲು

ಮೊದಲೇ ಹೇಳಿಬಿಡುತ್ತೇನೆ. ತಪ್ಪು ನನ್ನದು. ಹೀಗೆ ಶುರುಮಾಡಿದರೆ ದೊಡ್ಡ ಸತ್ಯವಂತೆಯ ಹಾಗೆ ಕಾಣುತ್ತೇನೆಂದು ನನಗೂ ಗೊತ್ತು. ಆದರೆ ಈ ಎರಡು ಪದ ನನ್ನ ಬಾಯಿಂದ ಹೊರಡುವುದಕ್ಕೆ ಮೂವತ್ತನಾಲ್ಕು ದಿನ ಹಿಡಿಯಿತು, ಹಾಗಾಗಿ ಮೆಚ್ಚಿಕೊಳ್ಳುವ ಅವಸರವೇನೂ ಬೇಡ.

ನಾವು ಮಾಡಹೊರಟಿದ್ದು ಹದಿನಾಲ್ಕು ನಿಮಿಷದ ಸಿನಿಮಾ. ಹೆಂಡತಿ ಆಸ್ಪತ್ರೆ ಸೇರಿದ ಮೇಲೆ ಒಬ್ಬ ಮುದುಕ ಮೊದಲ ಸಲ ಒಬ್ಬನೇ ತನ್ನ ಅಡುಗೆಮನೆಗೆ ಕಾಲಿಡುತ್ತಾನೆ. ಟೀಪುಡಿ ಎಲ್ಲಿದೆಯೆಂದು ಗೊತ್ತಾಗದೆ ಒದ್ದಾಡುತ್ತಾನೆ, ಫೋನು ಬಂದೀತೆಂದು ಕಾಯುತ್ತಾನೆ. ಅಷ್ಟೇ ಕತೆ. ಮಾತು ಕಡಿಮೆ, ಮೌನ ಜಾಸ್ತಿ. ಅದು ಕಲೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ನನಗೆ ಸಂಭಾಷಣೆ ಬರೆಯಲು ಬರುವುದಿಲ್ಲ ಎನ್ನುವುದು ನಿಜವಾದ ಕಾರಣ.

ತಂಡ ಅಂದರೆ ನಾಲ್ಕೇ ಜನ. ಮುದುಕನ ಪಾತ್ರಕ್ಕೆ ನಮಗೆ ಗಣಿತ ಕಲಿಸಿದ್ದ ನಿವೃತ್ತ ಮೇಷ್ಟ್ರು. ಎರವಲು ಕ್ಯಾಮೆರಾ ಹಿಡಿದ ಕ್ಯಾಮೆರಾದವನು, ಅವನಿಗೆ ಸೊಂಟನೋವು. ಸದ್ದು ಹಿಡಿಯುವುದಕ್ಕೆ ಕಿವಿ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ನಿರ್ದೇಶಕಿ ನಾನು. ಕಿವಿಗೆ ಅಪ್ಪ ಇಟ್ಟ ಹೆಸರೊಂದಿದೆ, ಆದರೆ ಕಾಲೇಜಿನಿಂದಲೂ ನಮಗೆಲ್ಲ ಅವನು ಕಿವಿಯೇ. ಎರಡು ಮಹಡಿ ಕೆಳಗೆ ಯಾರದೋ ನಲ್ಲಿ ತೊಟ್ಟಿಕ್ಕಿದರೂ ಶಾಟ್ ನಿಲ್ಲಿಸುವ ಪ್ರಾಣಿ.

ಮನೆ ಅಕ್ಕನದು. ಎರಡನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಹಾಲ್, ಪಶ್ಚಿಮಕ್ಕೆ ಕಿಟಕಿಯಿರುವ ಅಡುಗೆಮನೆ. ಆ ಕಿಟಕಿಗಾಗಿಯೇ ನಾನು ಅಕ್ಕನ ಕಾಲು ಹಿಡಿದದ್ದು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ನಾಲ್ಕು ತಿಂಗಳ ಮಗಳಿದ್ದಾಳೆ, ಪುಟ್ಟಿ. ಸೋಮವಾರದಿಂದ ಅಕ್ಕ ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಅದಕ್ಕೆ ಮುಂಚಿನ ಶನಿವಾರ ಮತ್ತು ಭಾನುವಾರ, ಭಾವ ಮತ್ತು ಪುಟ್ಟಿಯ ಜೊತೆ ಅತ್ತೆಮನೆಗೆ ಹೋಗಿ ನಮಗೆ ಮನೆ ಬಿಟ್ಟುಕೊಟ್ಟಳು.

ಶುಕ್ರವಾರ ಸಂಜೆ ಅಕ್ಕ ನನ್ನನ್ನು ಫ್ರಿಜ್ಜಿನ ಮುಂದೆ ನಿಲ್ಲಿಸಿ ಮೇಲಿನ ಫ್ರೀಜರ್ ಬಾಗಿಲು ತೆರೆದು ತೋರಿಸಿದಳು. ಒಳಗೆ ಇಪ್ಪತ್ತಾರು ಚಿಕ್ಕ ಚಿಕ್ಕ ಪ್ಯಾಕೆಟ್ಟು, ಮಲಗಿಸಿಟ್ಟ ಪುಸ್ತಕಗಳ ಹಾಗೆ. ಅವಳ ಎದೆಹಾಲು. ಒಂದೊಂದರ ಮೇಲೂ ಲ್ಯಾಬಿನ ಅಕ್ಷರದಲ್ಲಿ ತಾರೀಕು, ಹೊತ್ತು, ಅಳತೆ. ಬಾಣಂತಿ ಜ್ವರ ಬಂದು ಹಾಲು ಅರ್ಧಕ್ಕರ್ಧ ಇಳಿದುಹೋಗಿತ್ತು. ಪುಟ್ಟಿ ಕುಡಿದು ಮಲಗಿದ ಮೇಲೆ ಪಂಪ್ ಹಿಡಿದು ಕೂತು, ಹನಿ ಹನಿ ಕೂಡಿಸಿ, ಮೂರು ವಾರದಲ್ಲಿ ಮಾಡಿದ್ದು ಇಷ್ಟು.

"ನೋಡೇ, ಮನೇಲಿ ಏನ್ ಬೇಕಾದ್ರೂ ಮುಟ್ಟು, ಸೋಫಾ ತಲೆಕೆಳಗೆ ಮಾಡು. ಇದನ್ನ ಮಾತ್ರ ತೆಗೀಬೇಡ. ನಾನು ಕೆಲಸದಲ್ಲಿರೋವಾಗ ಇವಳ ಹೊಟ್ಟೆಗೆ ಇದೇ ಗತಿ" ಅಂದಳು.

"ನಿನ್ನಾಣೆ ಅಕ್ಕ, ನಾನೇನು ಪಾಪುನಾ?" ಅಂದೆ.

"ಪಾಪು ಆಗಿದ್ರೆ ಹೆದರಿಕೆ ಇರ್ತಿರ್ಲಿಲ್ಲ" ಅಂದಳು. ನಕ್ಕೆವು.

ಈಗ ಫ್ರಿಜ್ಜಿನ ವಿಷಯ. ಚಿತ್ರೀಕರಣ ಮಾಡುವವರಿಗೆ ಫ್ರಿಜ್ ಅಂದರೆ ಶತ್ರು. ಅದರ ಗುಂಯ್ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ, ಮೈಕಿಗೆ ಬೀಳುತ್ತದೆ. ಅದಕ್ಕೇ ಶಾಟ್ ಹೊತ್ತಿನಲ್ಲಿ ಆರಿಸುತ್ತಾರೆ. ಆರಿಸಿದವರು ಮರೆತು ಹೋಗಬಾರದೆಂದು ಸದ್ದು ಹಿಡಿಯುವವರಲ್ಲಿ ಒಂದು ಪದ್ಧತಿಯಿದೆ. ತಮ್ಮ ಗಾಡಿಯ ಕೀ ಫ್ರಿಜ್ಜಿನೊಳಗೆ ಇಟ್ಟುಬಿಡುತ್ತಾರೆ. ಕೀ ಇಲ್ಲದೆ ಮನೆಗೆ ಹೋಗುವಂತಿಲ್ಲ, ಕೀ ತೆಗೆಯಲು ಬಾಗಿಲು ತೆರೆದರೆ ಒಳಗೆ ದೀಪ ಇರುವುದಿಲ್ಲ, ಅಯ್ಯೋ ಆರಿಸಿದ್ದೆನಲ್ಲ ಅಂತ ನೆನಪಾಗುತ್ತದೆ. ಎಂಥ ಮರೆಗುಳಿಗೂ ತಪ್ಪದ ಉಪಾಯ.

ಶನಿವಾರ ಬೆಳಿಗ್ಗೆ ನಾನು ಕಿವಿಗೆ ಪ್ಯಾಕೆಟ್ಟುಗಳ ವಿಷಯ ಹೇಳಿದೆ. ಅವನು ಫ್ರಿಜ್ಜಿನ ಮುಚ್ಚಿದ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದ.

"ಆರಿಸದೇ ಇದ್ರೆ ಆಗಲ್ವಾ?" ಅಂದ.

"ನಿನ್ನ ಮೈಕು, ನೀನೇ ಹೇಳು."

"ಆಗಲ್ಲ. ಇದು ವಿಮಾನ ಇದ್ದಂಗಿದೆ." ಆಮೇಲೆ ಜೇಬಿನಿಂದ ಬೈಕಿನ ಕೀ, ಮನೆಯ ಕೀ ಎರಡನ್ನೂ ತೆಗೆದು ಒಂದೇ ಗೊಂಚಲಿಗೆ ಸಿಕ್ಕಿಸಿದ. "ಇದಕ್ಕೆ ಎರಡೂ ಇಡ್ತೀನಿ. ಫ್ರೀಜರ್ ಮುಟ್ಟದೇ ಇದ್ರೆ ಮಧ್ಯಾಹ್ನದ ತನಕ ಏನೂ ಆಗಲ್ಲ. ಶಾಟ್ ಮುಗಿದ ತಕ್ಷಣ ಹಾಕ್ತೀನಿ. ನಾನು ಡಬ್ಬಿ ಹಾಲಿನ ಪುಡೀಲಿ ಬೆಳೆದೋನು ಕಣೇ. ಇದರ ಬೆಲೆ ನಂಗೆ ಗೊತ್ತು."

ಅವನು ಹುಟ್ಟಿದ ದಿನವೇ ಅವನ ತಾಯಿ ತೀರಿಹೋಗಿದ್ದರು. ಸಾಕಿದ್ದು ದೊಡ್ಡಮ್ಮ. ಅದು ನನಗೆ ಕಾಲೇಜಿನಿಂದಲೂ ಗೊತ್ತಿತ್ತು. ನನಗೆ ಗೊತ್ತಿತ್ತು ಎನ್ನುವುದನ್ನು ನೆನಪಿಟ್ಟುಕೊಳ್ಳಿ.

ಮಧ್ಯಾಹ್ನದ ತನಕ ಕಿವಿ ಹೇಳಿದ ಹಾಗೇ ನಡೆದುಕೊಂಡ. ಎರಡು ಸಲ ಆರಿಸಿದ, ಎರಡು ಸಲ ಹಾಕಿದ. ಮೂರನೇ ಸಲ ಆರಿಸಿ, ಕೀ ಒಳಗಿಟ್ಟು, ನಮ್ಮನ್ನೆಲ್ಲ ಮೆಟ್ಟಿಲಿಗೆ ಅಟ್ಟಿದ. ಯಾರೂ ಇಲ್ಲದ ಕೋಣೆಗೂ ತನ್ನದೇ ಒಂದು ಸದ್ದಿರುತ್ತದೆ, ಅದನ್ನು ಬೇರೆಯಾಗಿ ಹಿಡಿದಿಟ್ಟುಕೊಳ್ಳಬೇಕು. ಕೋಣೆಯ ಮೌನ ಅಂತ ಅವನು ಕರೆಯುತ್ತಿದ್ದ. ಅಡುಗೆಮನೆಯ ಸ್ಟೂಲಿನ ಮೇಲೆ ಸದ್ದು ಹಿಡಿಯುವ ಯಂತ್ರ ಓಡುತ್ತಾ ಇತ್ತು. "ಐದು ನಿಮಿಷ ಯಾರೂ ಒಳಗೆ ಕಾಲಿಡಬಾರದು" ಅಂತ ಹೇಳಿ, ಮೇಲಿನ ಮಹಡಿಯಲ್ಲಿ ಮೊಳೆ ಹೊಡೆಯುತ್ತಿದ್ದವರ ಕೈಕಾಲು ಹಿಡಿಯಲು ಓಡಿದ.

ಆಗ ಊಟಕ್ಕೆಂದು ಮನೆಗೆ ಹೋಗಿದ್ದ ಮೇಷ್ಟ್ರು ವಾಪಸ್ ಮೆಟ್ಟಿಲು ಹತ್ತಿ ಬಂದರು. ಮುಖದ ಮೇಲೆ ಬೇರೆ ಕನ್ನಡಕ.

"ಮೇಷ್ಟ್ರೇ! ಬೆಳಿಗ್ಗೆ ಕಪ್ಪು ಫ್ರೇಮು!"

"ಅದು ಓದಕ್ಕಮ್ಮ. ಇದು ನಡೆಯಕ್ಕೆ."

ಕ್ಯಾಮೆರಾದವನು ಗೋಡೆಗೆ ತಲೆ ಆನಿಸಿ ನಕ್ಕ. ನನಗೆ ನಗು ಬರಲಿಲ್ಲ. ಅರ್ಧ ದೃಶ್ಯ ಕಪ್ಪು ಕನ್ನಡಕದಲ್ಲಿ ತೆಗೆದಾಗಿತ್ತು. ಕಿಟಕಿಯ ಬಿಸಿಲು ಇನ್ನೆರಡು ಗಂಟೆ ಇದ್ದರೆ ಹೆಚ್ಚು. ಅವರ ಮನೆಗೆ ನಡೆದು ಹೋಗಿ ಬರಲು ಮುಕ್ಕಾಲು ಗಂಟೆ ಬೇಕು, ಕಿವಿಯ ಬೈಕಾದರೆ ಇಪ್ಪತ್ತು ನಿಮಿಷ. ನನಗೆ ಸಿಟ್ಟು ಬಂದರೆ ಕಾಲು ಮೊದಲು ಹೊರಡುತ್ತದೆ, ಬುದ್ಧಿ ಆಮೇಲೆ ಚಪ್ಪಲಿ ಹುಡುಕುತ್ತದೆ. ಒಳಗೆ ನುಗ್ಗಿದೆ, ಫ್ರಿಜ್ ತೆರೆದೆ, ಕೀಗೊಂಚಲು ಎತ್ತಿಕೊಂಡೆ, ಇಳಿದು ಓಡಿದೆ. ಕಿವಿ ಇನ್ನೂ ಮೇಲಿನ ಮಹಡಿಯಲ್ಲೇ ಇದ್ದ.

ಕನ್ನಡಕ ತಂದೆ. ಒಂದು ಕೈಯಲ್ಲಿ ಕನ್ನಡಕ, ಇನ್ನೊಂದರಲ್ಲಿ ನೀರಿನ ಬಾಟಲಿ, ಬಿಸಿಲು ಆಗಲೇ ಸ್ಟೌವಿನ ಮೇಲಿಂದ ಸರಿಯುತ್ತಿತ್ತು. ಕೀ ಮತ್ತೆ ಫ್ರಿಜ್ಜಿಗೆ ಇಡಬೇಕೆಂದು ಹೊಳೆಯಲೇ ಇಲ್ಲ. ಬಾಗಿಲ ಹತ್ತಿರವೇ ಬಿದ್ದಿದ್ದ ಅವನ ಬ್ಯಾಗಿನ ಪಕ್ಕದ ಜೇಬಿಗೆ ತುರುಕಿ ಅಡುಗೆಮನೆಗೆ ಓಡಿದೆ.

ನಾಲ್ಕೂವರೆಗೆ ಮುಗಿಸಿದೆವು. ಐದಕ್ಕೆ ದೀಪಗಳನ್ನು ಬಾಡಿಗೆಯವನಿಗೆ ಒಪ್ಪಿಸಬೇಕಿತ್ತು. ಎಲ್ಲರೂ ವೈರು ಸುತ್ತುತ್ತಾ ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಇದ್ದೆವು. ಬಾಗಿಲಲ್ಲಿ ಕಿವಿ ಬ್ಯಾಗಿಗೆ ಕೈಹಾಕಿದವನು ಕೀ ಸಿಕ್ಕಿತೆಂದು ನಿಂತುಬಿಟ್ಟ.

"ಫ್ರಿಜ್ ಹಾಕಿದ್ನಾ ನಾನು?"

"ಹಾಕಿರ್ತೀಯ ಮಾರಾಯ, ಕೀ ನಿನ್ ಕೈಯಲ್ಲೇ ಇದೆಯಲ್ಲ. ನಡಿ ನಡಿ" ಅಂದೆ, ಬಾಗಿಲಿಗೆ ಬೀಗ ಹಾಕಿದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಕ್ಷಣ ನನ್ನ ತಲೆಯಲ್ಲಿ ದೀಪದ ಬಾಡಿಗೆ ಬಿಟ್ಟು ಬೇರೇನೂ ಇರಲಿಲ್ಲ. ಈ ಮಾತನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಒಂದು ಸಲವೂ ಸಮಾಧಾನವಾಗಿಲ್ಲ.

ಭಾನುವಾರ ಇಡೀ ದಿನ ಬಸ್ ಸ್ಟಾಪಿನಲ್ಲಿ ಕೆಲಸ. ಮನೆಗೆ ಯಾರೂ ಕಾಲಿಡಲಿಲ್ಲ. ಸಂಜೆ ಅಕ್ಕನ ಫೋನ್ ಬಂತು. "ಬಾ ಇಲ್ಲಿ" ಅಂತ ಎರಡೇ ಮಾತು. ಕಿವಿ ತನ್ನ ಬೈಕಿನಲ್ಲಿ ನನ್ನನ್ನು ಕರೆದುಕೊಂಡು ಹೋದ.

ಅಡುಗೆಮನೆಯ ನೆಲದ ಮೇಲೆ ನೀರು ಹರಿದು ಹಾಲ್ ತನಕ ಬಂದಿತ್ತು. ಸಿಂಕಿನಲ್ಲಿ ಇಪ್ಪತ್ತಾರು ಪ್ಯಾಕೆಟ್ಟು, ಮೆತ್ತಗಾಗಿ, ಒಂದರ ಮೇಲೊಂದು. ಅಕ್ಕ ಒಂದೊಂದನ್ನೇ ಕತ್ತರಿಸಿ ಸುರಿಯುತ್ತಿದ್ದಳು. ಸುರಿಯುವ ಮುಂಚೆ ಪ್ರತಿಯೊಂದರ ತಾರೀಕೂ ಓದುತ್ತಿದ್ದಳು, ಅದನ್ನು ನನಗೆ ನೋಡಲಾಗಲಿಲ್ಲ. ಪುಟ್ಟಿ ಭಾವನ ಹೆಗಲ ಮೇಲೆ ನಿದ್ದೆ ಹೋಗಿತ್ತು.

"ಯಾರು ಆರಿಸಿದ್ದು?" ಅಕ್ಕ ತಿರುಗದೆಯೇ ಕೇಳಿದಳು.

"ನಾನು" ಅಂದ ಕಿವಿ. "ನಾನೇ ಆರಿಸಿದ್ದು. ಹಾಕಿದ್ದೆ ಅಂದ್ಕೊಂಡಿದ್ದೆ. ಹೇಗೋ ಮರೆತಿದ್ದೀನಿ. ನಂದೇ ತಪ್ಪು ಅಕ್ಕ."

ಅವನು ಹಾಗಂದಾಗಲೇ ನನಗೆ ಕೀ ನೆನಪಾಯಿತು. ಫ್ರಿಜ್ಜಿನ ಕತ್ತಲೆಯೊಳಗೆ ಕೈಹಾಕಿ ತೆಗೆದದ್ದು, ಬ್ಯಾಗಿನ ಜೇಬಿಗೆ ತುರುಕಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ತಾನಾಗಿಯೇ ನನ್ನ ಜೇಬಿಗೆ ಹೋಯಿತು. ಬಾಯಿ ತೆರೆದೆ. ಇನ್ನೂ ಒಂದು ದೃಶ್ಯ ಬಾಕಿಯಿತ್ತು, ಇದೇ ಅಡುಗೆಮನೆಯಲ್ಲಿ, ಮುಂದಿನ ಶನಿವಾರ. ನಾನೇ ಅಂದರೆ ಅಕ್ಕ ಮನೆ ಕೊಡುವುದಿಲ್ಲ. ಹೌದು, ಆ ಸಿಂಕಿನ ಮುಂದೆ ನಿಂತು ನಾನು ಯೋಚಿಸಿದ್ದು ಇದನ್ನೇ. ಬಾಯಿ ಮುಚ್ಚಿದೆ.

ಅಕ್ಕ ಕತ್ತರಿ ಕೆಳಗಿಟ್ಟು ಕಿವಿಯ ಕಡೆ ತಿರುಗಿದಳು. ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಮರೆತ್ಯಾ? ಒಂದು ಗುಂಡಿ ಒತ್ತೋದು ಮರೆತ್ಯಾ? ನಿನಗೆ ನಿನ್ನ ತಾಯಿ ಹಾಲು ಕುಡಿಸಿರ್ಲಿಲ್ವೇನೋ? ಕುಡಿದಿದ್ರೆ ಗೊತ್ತಾಗ್ತಿತ್ತು ಇದೇನು ಅಂತ."

ಕಿವಿ ಮೂಲೆಯಲ್ಲಿದ್ದ ಬಟ್ಟೆ ತೆಗೆದುಕೊಂಡು ನೆಲದ ನೀರು ಒರೆಸತೊಡಗಿದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅಕ್ಕನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. "ಅಕ್ಕಾ, ಹಾಗನ್ಬೇಡ" ಅಂತ ಅಷ್ಟಾದರೂ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ.

"ನೀನು ಬಂದು ನಿನ್ನ ಸಿನಿಮಾ ಮುಗಿಸ್ಕೋ" ಅಂದಳು ಅಕ್ಕ ನನಗೆ. "ಇವನು ಮಾತ್ರ ಈ ಹೊಸ್ತಿಲು ತುಳೀಬಾರದು." ಭಾವನ ಕಚೇರಿಯಲ್ಲಿ ತರಬೇತಿ ಪಾಠಗಳನ್ನು ಧ್ವನಿಮುದ್ರಣ ಮಾಡುವ ಆರು ತಿಂಗಳ ಕೆಲಸ ಕಿವಿಗೆ ಸಿಗುವುದಿತ್ತು. ಮಾತುಕತೆ ಮುಗಿದಿತ್ತು. ಮಂಗಳವಾರ ಭಾವ ಬೇರೆ ಯಾರನ್ನೋ ನೋಡಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಎಳೆಯುವಾಗ ಎತ್ತು ಪಕ್ಕದಲ್ಲೇ ನಿಂತು ನೋಡುತ್ತಿತ್ತು.

ಆ ವಾರ ಅಕ್ಕ ಕೆಲಸಕ್ಕೆ ಹೋದಾಗ ಪುಟ್ಟಿಯನ್ನು ನೋಡಿಕೊಳ್ಳಲು ನಾನೇ ಹೋದೆ. ನನ್ನದು ದೊಡ್ಡ ಮನಸ್ಸೆಂದು ಅಕ್ಕ ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದಳು. ಪುಟ್ಟಿ ಪುಡಿ ಹಾಲಿನ ಬಾಟಲಿ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ನಾಲಿಗೆಯಿಂದ ನೂಕಿ, ನನ್ನ ಕುತ್ತಿಗೆಗೆಲ್ಲ ಉಗಿದು, ತನ್ನ ಮುಷ್ಟಿಯನ್ನೇ ಚೀಪುತ್ತಾ ಅಳುತ್ತಿತ್ತು. ಎರಡು ದಿನ ಹಾಗೇ ಮಾಡಿ ಮೂರನೇ ದಿನ ಕುಡಿಯಿತು. ಹಸಿವು ಗೆದ್ದಿತು, ಅಷ್ಟೇ. ಅದು ಕುಡಿಯುತ್ತಾ ನನ್ನನ್ನೇ ನೋಡುತ್ತಿತ್ತು, ಕಣ್ಣು ಮಿಟುಕಿಸದೆ. ಮಕ್ಕಳು ಎಲ್ಲರನ್ನೂ ಹಾಗೇ ನೋಡುತ್ತವೆಂದು ಗೊತ್ತಿದ್ದರೂ ನಾನು ಮುಖ ಬೇರೆ ಕಡೆ ತಿರುಗಿಸಿದೆ.

ಕೊನೆಯ ದೃಶ್ಯವನ್ನು ಕಿವಿಯಿಲ್ಲದೆಯೇ ತೆಗೆದೆವು. ಟೀ ಮಾಡಿಕೊಂಡ ಮುದುಕ ಎರಡು ಲೋಟ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಾನೆ, ಪೂರ್ತಿ ಒಂದು ನಿಮಿಷ. ಮೇಷ್ಟ್ರು ಚೆನ್ನಾಗಿ ಮಾಡಿದರು. ಕಿವಿ ತನ್ನ ಸದ್ದುಗಳನ್ನೆಲ್ಲ ಒಂದು ಡ್ರೈವಿನಲ್ಲಿ ಹಾಕಿ ಕ್ಯಾಮೆರಾದವನ ಕೈಯಲ್ಲಿ ಕಳಿಸಿದ. ನಾನು ಫೋನ್ ಮಾಡಿ ಥ್ಯಾಂಕ್ಸ್ ಅಂದೆ. "ಸರಿ" ಅಂದ.

ಎಡಿಟಿಂಗಿಗೆ ಕೂತು, ಆ ಕೊನೆಯ ನಿಮಿಷಕ್ಕೆ ಕೋಣೆಯ ಮೌನ ಹುಡುಕಿದೆ. ಎರಡು ಫೈಲ್ ಇದ್ದವು, ಮೇಲಿನವರು ಮೊಳೆ ಹೊಡೆಯುವುದು ನಿಲ್ಲಿಸಿದ ಮೇಲೆ ಇನ್ನೊಮ್ಮೆ ಹಿಡಿದಿರಬೇಕು. ಕಿವಿ ಪ್ರತಿ ಫೈಲಿಗೂ ನೀಟಾಗಿ ಹೆಸರು ಬರೆಯುವವನು. ಎರಡನೆಯದರ ಮೇಲೆ "ಕೋಣೆಯ ಮೌನ 2, ಚೆನ್ನಾಗಿದೆ" ಅಂತಿತ್ತು. ಮೊದಲನೆಯದರ ಮೇಲೆ "ಕೋಣೆಯ ಮೌನ 1, ಕೆಟ್ಟಿದೆ. ನಿರ್ದೇಶಕಿ ಕೇಳಬೇಕು" ಅಂತಿತ್ತು.

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮೊದಲು ಏನೂ ಇಲ್ಲ, ದೂರದಲ್ಲಿ ಸುತ್ತಿಗೆ. ಆಮೇಲೆ ಬಾಗಿಲು. ಪಟಪಟ ಚಪ್ಪಲಿ. ಫ್ರಿಜ್ಜಿನ ರಬ್ಬರು ಬಿಟ್ಟುಕೊಳ್ಳುವ ಸದ್ದು. ಕೀಗೊಂಚಲಿನ ಝಣ್. ಆಮೇಲೆ ನನ್ನದೇ ಧ್ವನಿ, ಗೊಣಗುತ್ತಾ, "ಇವನದೊಂದು ಕೀ ಪುರಾಣ. ಬಂದ್ಮೇಲೆ ಇಟ್ರಾಯ್ತು." ಮತ್ತೆ ಚಪ್ಪಲಿ, ಬಾಗಿಲು, ಮೌನ.

ಫೈಲಿನ ಹೆಸರು ಬರೆದ ತಾರೀಕು ನೋಡಿದೆ. ಅದೇ ಭಾನುವಾರ. ಅಕ್ಕನ ಮನೆಯ ನೆಲ ಒರೆಸಿ ತನ್ನ ಮನೆಗೆ ಹೋಗಿ, ಸದ್ದುಗಳನ್ನೆಲ್ಲ ಇಳಿಸಿಕೊಂಡು, ಕೇಳಿಸಿಕೊಂಡು, ಹೆಸರು ಬರೆದಿಟ್ಟಿದ್ದ. ಅವನಿಗೆ ಅಂದಿನಿಂದಲೂ ಗೊತ್ತಿತ್ತು. ಈ ಫೈಲೊಂದನ್ನು ಅಕ್ಕನಿಗೋ ಭಾವನಿಗೋ ಕಳಿಸಿದ್ದರೆ ಅವನ ಕೆಲಸ ಅವನಿಗೆ ಉಳಿಯುತ್ತಿತ್ತು.

ಇಲ್ಲಿಗಾದರೂ ಎದ್ದು ಹೋಗಿ ಹೇಳಿದೆ ಅಂದುಕೊಂಡಿರಾ? ಇಲ್ಲ. ನನಗೊಂದು ಘನವಾದ ಯೋಚನೆ ಬಂತು. ಕೊನೆಯ ದೃಶ್ಯದ ಕೆಳಗೆ ಈ ಕೆಟ್ಟ ಫೈಲನ್ನೇ ಹಾಕಿಬಿಡುವುದು! ಮುದುಕ ಕೂತಿರುತ್ತಾನೆ, ನನ್ನ ಚಪ್ಪಲಿ, ನನ್ನ ಕೀ, ನನ್ನ ಗೊಣಗಾಟ. ಮೊದಲ ಪ್ರದರ್ಶನದಲ್ಲಿ ಅಕ್ಕ ಕೇಳಿಸಿಕೊಂಡು ಎಲ್ಲ ತಿಳಿದುಕೊಳ್ಳುತ್ತಾಳೆ. ಹಾಕಿ ನೋಡಿದೆ. ಅಳು ಬಂತು. ಎಂಥ ಪ್ರಾಮಾಣಿಕ ಕಲಾವಿದೆ ಅಂತ ನನ್ನ ಬಗ್ಗೆ ನನಗೇ ಕರುಳು ಚುರುಕ್ಕೆಂದಿತು. ಮತ್ತೆರಡು ಸಲ ನೋಡಿದೆ. ಮೂರನೇ ಸಲ ನನ್ನ ಕೈ ಕೀ ಸದ್ದನ್ನು ಸ್ವಲ್ಪ ಏರಿಸಿ, ಗೊಣಗಾಟವನ್ನು ಸ್ವಲ್ಪ ಇಳಿಸಿ ಸರಿಮಾಡುತ್ತಿತ್ತು. ಥೂ ನಿನ್ನ ಜನ್ಮಕ್ಕಿಷ್ಟು ಅನ್ನಿಸಿತು. ಆ ಕೂಸಿನ ಹಾಲನ್ನೂ ಸಿನಿಮಾಕ್ಕೇ ಸುರಿಯುತ್ತಿದ್ದೆ. ಕಂಪ್ಯೂಟರ್ ಮುಚ್ಚಿ ಅಕ್ಕನ ಮನೆಗೆ ನಡೆದೆ.

ಶನಿವಾರ, ಅಕ್ಕನಿಗೆ ರಜೆ. ಅಡುಗೆಮನೆಯಲ್ಲಿ ಬಾಟಲಿ ತೊಳೆಯುತ್ತಿದ್ದಳು. ನಾನು ಫ್ರಿಜ್ಜಿನ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. ಕನ್ನಡಕ, ಕೀ, ಬ್ಯಾಗಿನ ಜೇಬು, "ಹಾಕಿರ್ತೀಯ ನಡಿ" ಅಂದದ್ದು, ಮುಂದಿನ ಶನಿವಾರದ ದೃಶ್ಯಕ್ಕಾಗಿ ಬಾಯಿ ಮುಚ್ಚಿದ್ದು, ಫೈಲು.

ಅಕ್ಕ ನಲ್ಲಿ ನಿಲ್ಲಿಸಿದಳು. "ಹೊಡೀತೀಯಾ?" ಅಂದೆ.

"ನೀನು ಅಂತ ಅವತ್ತೇ ಹೇಳಿದ್ರೆ ಎರಡು ಬಾರಿಸಿ, ಅತ್ತು, ಮುಗಿಸಿಬಿಡ್ತಿದ್ದೆ. ಹಾಲು ಹೋದದ್ದು ಹೋಯ್ತು. ಅದು ಈಗ ಪುಡಿ ಕುಡ್ಕೊಂಡು ಗುಂಡು ಗುಂಡಗಾಗಿದೆ." ಕೈ ಒರೆಸಿಕೊಂಡಳು. "ಆ ಹುಡುಗನಿಗೆ ಆಡಬಾರದ್ದು ಆಡಿದ್ನಲ್ಲೇ. ಅವನ ತಾಯಿ ತನಕ ಹೋದೆ."

ಆಗ ನಾನು ಉಳಿದದ್ದನ್ನೂ ಹೇಳಬೇಕಾಯಿತು. ಅವನ ತಾಯಿಯ ವಿಷಯ. ಅವನು ಹುಟ್ಟಿದ ದಿನ.

ಅಕ್ಕ ನೆಲದ ಮೇಲೆ ಕೂತುಬಿಟ್ಟಳು. ತಲೆಯೆತ್ತಿ, "ನಿಂಗೆ ಗೊತ್ತಿತ್ತಾ? ನಾನು ಹಾಗೆ ಅಂದಾಗ ನಿಂಗೆ ಗೊತ್ತಿತ್ತಾ?" ಅಂದಳು.

"ಹೂಂ."

ಅವಳು ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಪುಟ್ಟಿಯನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು. "ನಡಿ, ಅವನ ಮನೆ ತೋರಿಸು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಆದ್ರೂ ಹೋಗ್ಬೇಕು. ನಾನು ಹೇಳೋದು ನಾನು ಹೇಳ್ತೀನಿ, ನಿಂದು ನೀನು ಹೇಳ್ಕೋ."

ದಾರಿಯಲ್ಲಿ ಮಗುವನ್ನು ನಾನು ಎತ್ತಿಕೊಳ್ಳುತ್ತೇನೆ ಅಂದರೂ ಅವಳು ಕೊಡಲಿಲ್ಲ.

ಕಿವಿ ಬಾಗಿಲು ತೆರೆದಾಗ ಹೆಡ್‌ಫೋನ್ ಕುತ್ತಿಗೆಯಲ್ಲಿತ್ತು. ಅಕ್ಕನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಅವತ್ತು ಆಡಿದ್ದು ತಪ್ಪಾಯ್ತಪ್ಪ" ಅಂದಳು ಅಕ್ಕ. "ನಿನ್ನ ತಾಯಿ ವಿಷಯ ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೇ ಇದ್ರೂ ಅನ್ನಬಾರದಿತ್ತು."

"ಅಯ್ಯೋ ಬಿಡಿ ಅಕ್ಕ" ಅಂದ ಅವನು. "ನಾನು ಸರಿಯಾಗಿ ಕೇಳಿಸ್ಕೊಂಡೇ ಇಲ್ಲ ಅದನ್ನ."

ಎರಡು ಮಹಡಿ ಕೆಳಗಿನ ನಲ್ಲಿ ಕೇಳಿಸುವವನು ಇದನ್ನು ಹೇಳಿದ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಬಾಗಿಲು ಪೂರ್ತಿ ತೆರೆದು ಅವಳನ್ನು ಒಳಗೆ ಕರೆದ, ಕುರ್ಚಿಯ ಮೇಲಿದ್ದ ವೈರುಗಳನ್ನೆಲ್ಲ ಎತ್ತಿ ನೆಲಕ್ಕೆ ಹಾಕಿದ, ಪುಟ್ಟಿಯನ್ನು ಮಾತಾಡಿಸಿದ. ನಾನು ಹೊರಗೇ ನಿಂತಿದ್ದೆ.

"ನಾನು ಆ ಫೈಲ್ ಕೇಳಿದೆ. ತಪ್ಪು ನನ್ನದು" ಅಂದೆ. "ಅವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ನೀನು ಹೇಳ್ತೀಯ ಅಂತ ಕಾದೆ."

"ನಂದೂ ಕೇಳಿಸ್ಕೊಂಡಿಲ್ಲ ಅನ್ನೋ" ಅಂದೆ, ನಗಲು ನೋಡುತ್ತಾ.

ಅವನು ನಗಲಿಲ್ಲ. ನನ್ನ ಮುಖ ನೋಡಿ, ತುಂಬ ಸಾವಕಾಶವಾಗಿ, ಸಿಟ್ಟಿಲ್ಲದೆ ಹೇಳಿದ. "ಅಕ್ಕ ಬೈತಿರೋವಾಗ ನೀನು ನನ್ನ ಪಕ್ಕ ಸುಮ್ನೆ ನಿಂತಿದ್ದೆಯಲ್ಲ. ಅದು ಕೇಳಿಸ್ತು ಕಣೇ."

ಒಳಗೆ ಪುಟ್ಟಿ ಅಳಲು ಶುರುಮಾಡಿತು. ಅವನು ಹೆಡ್‌ಫೋನನ್ನು ಕುತ್ತಿಗೆಯಿಂದ ತೆಗೆದು, ಮಗುವನ್ನು ಎತ್ತಿಕೊಳ್ಳಲು ಒಳಗೆ ಹೋದ. ಬಾಗಿಲು ಹಾಕಲಿಲ್ಲ. ಬಾ ಅಂತಲೂ ಅನ್ನಲಿಲ್ಲ.